ಏಳನೆಯ ಅಕ್ಷರ

ನಮ್ಮ ಊರಿಗೆ ಬರಬೇಕಾದರೆ ಹೊಳೆ ದಾಟಬೇಕು. ಹೊಳೆಗೆ ಹಳೆಯ ಕಲ್ಲಿನ ಸೇತುವೆ ಇದೆ. ಅದರ ನಡುವಿನ ಕಮಾನು ದಾಟುತ್ತಿದ್ದಂತೆ ಹೊಸ ಯಂತ್ರಗಳೆಲ್ಲ ನಿದ್ದೆ ಹೋಗುತ್ತವೆ. ಕೆಡುವುದಿಲ್ಲ, ನಿದ್ದೆ ಹೋಗುತ್ತವೆ ಅಷ್ಟೆ. ತಿರುಗಿ ಆಚೆ ದಡಕ್ಕೆ ಒಯ್ದರೆ ಏನೂ ಆಗದವರ ಹಾಗೆ ಎದ್ದು ಕೆಲಸ ಶುರು ಮಾಡುತ್ತವೆ. ಎಂಥವು ಹೊಸವು ಎಂದು ಕೇಳಿದರೆ, ನಾನು ಹುಟ್ಟುವ ಮೊದಲು ತಯಾರಾದವು ಎಚ್ಚರ ಇರುತ್ತವೆ, ನಾನು ಹುಟ್ಟಿದ ಮೇಲಿನವು ಇರುವುದಿಲ್ಲ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಬೀಗರು ಬಂದರೆ ನಾವು ಮೊದಲು ಕೇಳುವುದೇ, 'ಫೋನು ಮಲಗಿಸಿ ಬಂದ್ರ್ಯಾ?' ಎಂದು. ಸೇತುವೆಯಾಚೆಯ ಸುಂಕದ ನಾಕಾದಲ್ಲಿ ಅದಕ್ಕಾಗಿ ಗೂಡುಗಳ ಕಪಾಟೇ ಇದೆ. ಹಂಪಣ್ಣನ ಅಳಿಯ ಉಡುಗೊರೆ ಕೊಟ್ಟ ಬಟ್ಟೆ ಒಗೆಯುವ ಯಂತ್ರದಲ್ಲಿ ಹಂಪಣ್ಣನ ಹೆಂಡತಿ ಇವತ್ತಿಗೂ ಜೋಳದ ಹಿಟ್ಟು ಇಡುತ್ತಾಳೆ. ಇರುವೆ ಬರುವುದಿಲ್ಲವಂತೆ.

ಹೀಗಾಗಿ ಊರಿನಲ್ಲಿ ಎಚ್ಚರವಿರುವ ಕಂಪ್ಯೂಟರುಗಳು ಒಂಬತ್ತೇ. ಪುರಸಭೆಗೆ ಎರಡು, ಆಸ್ಪತ್ರೆಗೆ ಎರಡು, ಹೀಗೆ. ಒಂಬತ್ತರಲ್ಲೂ ನಡೆಯುವುದು ಸಿಂಬಿ. ತಲೆಯ ಮೇಲೆ ಕೊಡ ಹೊರುವಾಗ ಕೆಳಗೆ ಬಟ್ಟೆ ಸುತ್ತಿ ಇಡುತ್ತೇವಲ್ಲ, ಆ ಸಿಂಬಿ. ಯಂತ್ರ ತಲೆಯಾದರೆ, ನಾವು ಮಾಡುವ ಕೆಲಸ ಕೊಡವಾದರೆ, ನಡುವೆ ಕೂತು ಎರಡನ್ನೂ ಹೊಂದಿಸುವ ಮೂಲ ತಂತ್ರಾಂಶಕ್ಕೆ ಅದನ್ನು ಮಾಡಿದವರು ಆ ಹೆಸರಿಟ್ಟಿದ್ದರು. ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಜಗತ್ತು ಸಿಂಬಿಯನ್ನು ಮರೆತಿತ್ತು. ನಮಗೆ ಮರೆಯುವ ಅನುಕೂಲ ಇರಲಿಲ್ಲ.

ಆ ಒಂಬತ್ತನ್ನೂ ನೋಡಿಕೊಳ್ಳುವವಳು ಅನಸೂಯಾ ಪತ್ತಾರ. ಅವಳ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅದೇ ಅಂಗಡಿಯಲ್ಲಿ, ಅದೇ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಅವಳು ಸಿಂಬಿಯ ಎರಡು ದಪ್ಪ ಕೈಪಿಡಿಗಳನ್ನು ತಾನೇ ಓದಿ ಕಲಿತಳು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಯಂತ್ರ ಸರಿಯಾದ ಕೂಡಲೆ ಚೀಲ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಯಾರಾದರೂ ಉಪಕಾರವಾಯಿತು ಎನ್ನುವಷ್ಟರಲ್ಲಿ ಅವಳು ಓಣಿಯ ತಿರುವಿನಲ್ಲಿ ಇರುತ್ತಿದ್ದಳು. ನಾನು ಯಮನಪ್ಪ, ಟೆಲಿಫೋನ್ ಎಕ್ಸ್‌ಚೇಂಜಿನ ಲೈನ್‌ಮನ್. ಅವಳಿಗೆ ತಂತಿ ಬೇಕಾದಾಗ ನಾನು ಎಳೆದುಕೊಡುತ್ತಿದ್ದೆ. ಅದಕ್ಕೇ ಈ ಸಂಗತಿ ನನಗೆ ಇಷ್ಟು ಚೆನ್ನಾಗಿ ಗೊತ್ತು.

ನಮ್ಮ ಎಕ್ಸ್‌ಚೇಂಜು ಇಂದಿಗೂ ಕೈಯಿಂದ ನಡೆಯುವಂಥದ್ದು. ಫೋನೆತ್ತಿದರೆ ಆಪರೇಟರು ಬರುತ್ತಾರೆ, ಯಾರು ಬೇಕೆಂದು ಹೇಳಿದರೆ ತಂತಿ ಚುಚ್ಚಿ ಜೋಡಿಸುತ್ತಾರೆ. ಇಪ್ಪತ್ತೆಂಟು ವರ್ಷ ಆ ಕುರ್ಚಿಯಲ್ಲಿ ಕೂತವಳು ಖೈರುನಬಿ. ಊರಿನ ಪ್ರತಿ ಮನೆಗೂ ಅವಳ ದನಿ ಗೊತ್ತು. ಸ್ವಲ್ಪ ಒಡೆದ ದನಿ, ಬೆಲ್ಲದ ಅಚ್ಚು ಮುರಿದ ಹಾಗೆ. 'ಹೇಳ್ರಿ, ಯಾರ್ ಬೇಕು?' ಎಂದರೆ, ಕೆಟ್ಟ ಸುದ್ದಿ ತಿಳಿಸಲು ಫೋನೆತ್ತಿದವನಿಗೂ ಒಂದಿಷ್ಟು ಧೈರ್ಯ ಬರುತ್ತಿತ್ತು. ಯಾರ ಮನೆಯಲ್ಲಿ ಬಾಣಂತಿ ಮಲಗಿದ್ದಾಳೆ, ಯಾರಿಗೆ ಎರಡು ಗಂಟೆಯ ಮೇಲೆ ಫೋನು ಮಾಡಬೇಕು ಎಲ್ಲ ಅವಳಿಗೆ ಗೊತ್ತಿತ್ತು. ಒಮ್ಮೆ ಡಾಕ್ಟರು ಆಸ್ಪತ್ರೆಯಲ್ಲಿ ಇಲ್ಲವೆಂದು ತಿಳಿದು, ಐದು ಮನೆಗೆ ಫೋನು ಮಾಡಿ ಅವರನ್ನು ಇಸ್ಪೀಟಿನ ಮೇಜಿನಿಂದ ಎಬ್ಬಿಸಿ ಹೆರಿಗೆಗೆ ಕಳಿಸಿದ್ದಳು. ಹುಟ್ಟಿದ್ದು ನನ್ನ ಮಗಳು.

ಹೋದ ವರ್ಷ ಅವಳ ಗಂಟಲಿನಲ್ಲಿ ಗಂಟು ಕಾಣಿಸಿತು. ಆಚೆ ದಡದ ಪಟ್ಟಣದ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ತೆಗೆಯುವ ಮೊದಲು ಅಲ್ಲಿನ ಒಬ್ಬ ಹೆಣ್ಣುಮಗಳು ಡಾಕ್ಟರು ಒಳ್ಳೆಯ ಕೆಲಸ ಮಾಡಿದಳು. ಮೂರು ದಿನ ಕೂರಿಸಿ, ಪುಟಗಟ್ಟಲೆ ಓದಿಸಿ, ಖೈರುನಬಿಯ ದನಿಯನ್ನು ತುಂಬಿಟ್ಟುಕೊಂಡಳು. ಆಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ ಕೊಟ್ಟಳು. ಅದರಲ್ಲಿ ಅಕ್ಷರ ಒತ್ತಿದರೆ ಅದು ಖೈರುನಬಿಯ ದನಿಯಲ್ಲೇ ಮಾತನಾಡುತ್ತಿತ್ತು.

ಅವಳು ವಾಪಸು ಬಂದ ದಿನ ಕರೆಯಲು ನಾನು, ಅವಳ ತಂಗಿ, ನಮ್ಮ ಸೂಪರ್ವೈಜರ್ ಕಲ್ಲಪ್ಪ ನಾಕಾಕ್ಕೆ ಹೋಗಿದ್ದೆವು. ಬಸ್ಸಿನಿಂದ ಇಳಿದವಳೇ ಪೆಟ್ಟಿಗೆ ಒತ್ತಿ, 'ಯಮನಪ್ಪ, ಮೀಸಿ ಬೆಳ್ಳಗಾಗ್ಯಾವಲ್ಲೊ' ಎಂದಳು. ನಾವು ಮೂವರೂ ನಕ್ಕೆವು. ಸೇತುವೆಯ ಮೇಲೆ ನಡೆಯುತ್ತ ಆಸ್ಪತ್ರೆಯ ಊಟದ ಬಗ್ಗೆ ಹೇಳುತ್ತಿದ್ದಳು. 'ಸಾರು ಅಂದ್ರ ಬಿಸಿನೀರು, ಅದರಾಗ ಒಂದು ಕರಿಬೇವು...' ಎನ್ನುವಾಗ ನಡುವಿನ ಕಮಾನು ಬಂತು. ಪೆಟ್ಟಿಗೆ ಮಲಗಿತು. ಅವಳು ಇನ್ನೂ ಎರಡು ಸಲ ಒತ್ತಿ ನೋಡಿದಳು. ನಮಗೆಲ್ಲ ಗೊತ್ತಿದ್ದ ಸಂಗತಿಯೇ, ಆದರೆ ಯಾರೂ ಅದನ್ನು ಮೊದಲೇ ಯೋಚಿಸಿರಲಿಲ್ಲ.

ಆಮೇಲೆ ಊರು ಒಂದು ರೂಢಿ ಮಾಡಿಕೊಂಡಿತು. ಸಂಜೆ ಖೈರುನಬಿ ಸೇತುವೆ ದಾಟಿ ನಾಕಾದ ಕಟ್ಟೆಯ ಮೇಲೆ ಕೂರುವಳು. ಅವಳ ಮಾತು ಕೇಳಬೇಕೆನ್ನುವವರು ಅಲ್ಲಿಗೆ ನಡೆದು ಹೋಗುವರು. ಕೆಲವರು ಮಿರ್ಚಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಬ್ಬ ಮುದುಕ ಬರೀ 'ಹೇಳ್ರಿ, ಯಾರ್ ಬೇಕು' ಅನ್ನಿಸಿ ಕೇಳಿಕೊಂಡು ವಾಪಸು ಬರುತ್ತಿದ್ದ. ಆದರೆ ಇಡೀ ದಿನ ಮಾತಿಲ್ಲದೆ ಇದ್ದು ಸಂಜೆ ಒಂದು ತಾಸು ಮಾತನಾಡುವುದು ಬದುಕಲ್ಲ. ಎಕ್ಸ್‌ಚೇಂಜಿನಲ್ಲಿ ಅವಳ ಕುರ್ಚಿಯಲ್ಲಿ ಬದಲಿಗೆ ಬಂದ ಹುಡುಗಿ ಕೂತಿದ್ದಳು. ಖೈರುನಬಿಯ ರಜೆ ಬಕ್ರೀದಿನ ಹೊತ್ತಿಗೆ ಮುಗಿಯುತ್ತಿತ್ತು. ಮುಗಿದರೆ ಕೆಲಸ ಹೋಯಿತು. ಮಾತು ಬಾರದ ಆಪರೇಟರನ್ನು ಇಟ್ಟುಕೊಳ್ಳುವುದು ಕಲ್ಲಪ್ಪನ ಕೈಯಲ್ಲಿ ಇರಲಿಲ್ಲ. ಒಂದು ಸಂಜೆ ಖೈರುನಬಿ ಕಟ್ಟೆಯ ಮೇಲೆ ಕೂತು, 'ಹಬ್ಬ ಆದ ಮ್ಯಾಲ ಈ ದಡದಾಗ ತಮ್ಮನ ಮನಿಗೆ ಬಂದುಬಿಡ್ತೀನಿ. ಇಲ್ಲರ ಮಾತಾಡಕೋತ ಇರ್ತೀನಿ' ಎಂದಳು. ಯಾರೂ ಬ್ಯಾಡ ಎನ್ನಲಿಲ್ಲ. ಯಾವ ಬಾಯಿಂದ ಅನ್ನುವುದು?

ಮರುದಿನ ನಾನು ಈ ಮಾತನ್ನು ಅನಸೂಯಾಳ ಅಂಗಡಿಯಲ್ಲಿ ಸುಮ್ಮನೆ ಹೇಳಿದೆ. ಅವಳು ಕಣ್ಣಿನ ಗಾಜು ತೆಗೆಯಲಿಲ್ಲ. ಆದರೆ ಸಂಜೆ ಅವಳೇ ನಾಕಾಕ್ಕೆ ಬಂದು, ಎಲ್ಲರೂ ಮಾತಾಡಿ ಮುಗಿಸುವ ತನಕ ದೂರದಲ್ಲಿ ನಿಂತಿದ್ದು, ಹತ್ತಿರ ಹೋದಳು.

'ಖೈರುನಕ್ಕ, ನಿಮ್ಮ ಪೆಟ್ಟಿಗಿ ನನಗ ಬ್ಯಾಡ. ಅದರೊಳಗ ಏನ್ ಬರದಾರೋ ಅದು ಬೇಕು.'

'ಏನ್ ಮಾಡ್ತಿ?' ಎಂದಿತು ಪೆಟ್ಟಿಗೆ.

'ನಿದ್ದಿ ಬರೂದು ಯಂತ್ರಕ್ಕ. ಒಳಗ ಬರದಿಟ್ಟಿದ್ದಕ್ಕ ಅಲ್ಲ. ಅದನ್ನ ಸಿಂಬಿಗೆ ಕಲಿಸಾಕ ಬರ್ತೈತೇನೋ ನೋಡ್ತೀನಿ.'

'ಬರ್ತೈತಾ?'

'ಗೊತ್ತಿಲ್ಲ,' ಎಂದಳು ಅನಸೂಯಾ. ಅವಳು ಯಾರಿಗೂ ಸುಳ್ಳು ಭರವಸೆ ಕೊಟ್ಟವಳಲ್ಲ.

ಪಟ್ಟಣದ ಡಾಕ್ಟರಿಗೆ ಪತ್ರ ಹೋಯಿತು. ಆ ಪುಣ್ಯಾತ್ಮಳು ಒಂದು ಮಾತೂ ಕೇಳದೆ ಒಪ್ಪಿದಳು. ಪೆಟ್ಟಿಗೆಯ ತಂತ್ರಾಂಶ ಬರೆದವರು ಅದನ್ನು ಯಾರು ಬೇಕಾದರೂ ಓದಲಿ, ತಿದ್ದಲಿ ಎಂದು ಬಿಟ್ಟಿದ್ದರಂತೆ. ಊರೊಳಗೆ ಹೊಸ ಯಂತ್ರ ಬರುವಂತಿಲ್ಲ, ಹಾಗಾಗಿ ಹಳೆಯ ಯಂತ್ರವೇ ಹೊರಗೆ ಹೋಯಿತು. ಅನಸೂಯಾಳ ಅಂಗಡಿಯ ಸಿಂಬಿ ಯಂತ್ರವನ್ನು ಕೌದಿಯಲ್ಲಿ ಸುತ್ತಿ, ಕೈಗಾಡಿಯ ಮೇಲಿಟ್ಟು, ನಾನೇ ತಳ್ಳಿಕೊಂಡು ಸೇತುವೆ ದಾಟಿಸಿದೆ. ನಾಕಾದ ಕೋಣೆಯಲ್ಲಿ ಡಾಕ್ಟರಮ್ಮನ ಹೊಸ ಯಂತ್ರಕ್ಕೂ ನಮ್ಮ ಮುದಿ ಯಂತ್ರಕ್ಕೂ ತಂತಿ ಕಟ್ಟಿದೆವು. ಮೊಮ್ಮಗಳು ಅಜ್ಜಿಗೆ ತುತ್ತು ಉಣಿಸಿದ ಹಾಗೆ ಹೊಸದು ಕೊಡುತ್ತಿತ್ತು, ಹಳೆಯದು ನಿಧಾನವಾಗಿ ನುಂಗುತ್ತಿತ್ತು. ತಂತ್ರಾಂಶ ಅಷ್ಟೂ ಒಳಗೆ ಹೋಗಲು ನಾಲ್ಕು ದಿನ ಹಿಡಿಯಿತು.

ಕಷ್ಟ ಶುರುವಾದದ್ದು ಆಮೇಲೆ. ಖೈರುನಬಿಯ ದನಿಯ ತುಣುಕುಗಳು ಸಿಂಬಿಯ ನೆನಪಿಗಿಂತ ಮೂವತ್ತು ಪಟ್ಟು ದೊಡ್ಡವು. ಒಂದೊಂದು ಅಕ್ಷರಕ್ಕೂ ಹತ್ತಾರು ಬಗೆ ಇದ್ದವು, ಸಿಟ್ಟಿನ 'ಕ', ನಗುವಿನ 'ಕ', ಆಯಾಸದ 'ಕ'. ಒಂದೊಂದೇ ಇಟ್ಟುಕೊಳ್ಳಲು ಜಾಗ. ಅನಸೂಯಾ ಇದನ್ನು ತಾನೇ ತೀರ್ಮಾನಿಸಲಿಲ್ಲ. ಖೈರುನಬಿಯನ್ನು ನಾಕಾದಲ್ಲಿ ಕೂರಿಸಿ, ಒಂದೊಂದನ್ನೂ ಕೇಳಿಸಿ, 'ಯಾವುದು ಬೇಕು ನೀವ ಹೇಳ್ರಿ' ಎಂದಳು. ತನ್ನ ದನಿಯ ಮುಂದೆ ಹೀಗೆ ಕೂತು ಆರಿಸುವುದು ಸುಲಭವಲ್ಲ. ಖೈರುನಬಿ ಮೊದಲ ದಿನ ಅತ್ತಳು. ಎರಡನೆಯ ದಿನ ಸೀರೆ ಅಂಗಡಿಗೆ ಬಂದವಳಂತೆ ಒಂದೊಂದನ್ನೂ ತಿರಸ್ಕರಿಸತೊಡಗಿದಳು. ಕೊನೆಗೆ ಉಳಿದದ್ದು ಬಹುತೇಕ ಬೆಳಗಿನ ಪಾಳಿಯ ದನಿ. 'ಆಗ ನನಗ ಎಲ್ಲರ ಮ್ಯಾಲೂ ಪ್ರೀತಿ ಇರ್ತಿತ್ತು' ಎಂದಳು.

ಆರಿಸಿದ ದನಿಯನ್ನು ತುಂಬಿಸಿ ಯಂತ್ರವನ್ನು ಅಂಗಡಿಗೆ ವಾಪಸು ತಂದೆವು. ಇನ್ನು ತಂತ್ರಾಂಶ. ಮೊದಲ ಸಲ ಸಿಂಬಿಗೆ ಓದಿಸಿದಾಗ ಅದು ಎರಡು ಸಾವಿರದ ಮೇಲೆ ತಪ್ಪು ಎಣಿಸಿ ಸುಸ್ತಾಗಿ ನಿಂತಿತು. ಹೊಸ ಯಂತ್ರಗಳು ಸರಾಗವಾಗಿ ಮಾಡುವ ದಶಾಂಶದ ಲೆಕ್ಕ ಸಿಂಬಿಗೆ ಬರುವುದಿಲ್ಲ. ಅನಸೂಯಾ ಪ್ರತಿ ಸಾಲನ್ನೂ ಪೂರ್ಣಾಂಕಕ್ಕೆ ತಿರುಗಿಸಿ ಬರೆದಳು. ಬೆಳಿಗ್ಗೆ ಅಂಗಡಿ ತೆರೆದು ಕೂತರೆ ಮಧ್ಯಾಹ್ನ ಯಂತ್ರ ಕಾದು ಬಿಸಿಯಾಗುವ ತನಕ. ಕಾದ ಮೇಲೆ ಅದಕ್ಕೆ ಬೀಸಣಿಗೆ ಹಿಡಿದು ಕೈಪಿಡಿ ಓದುವಳು. ತಪ್ಪುಗಳು ಸಾವಿರಕ್ಕೆ ಇಳಿದವು, ನೂರಕ್ಕೆ ಇಳಿದವು, ನಡುವೆ ಒಮ್ಮೆ ಕಾರಣವಿಲ್ಲದೆ ನಾಲ್ಕು ನೂರಕ್ಕೆ ಏರಿದವು. ಅವಳು ಬೈದದ್ದನ್ನು ನಾನು ಕೇಳಲಿಲ್ಲ. ಒಂದು ದಿನ ಮಾತ್ರ ನನ್ನನ್ನು ಕರೆದು ಪರದೆ ತೋರಿಸಿದಳು. ಸಿಂಬಿಯ ಧ್ವನಿಯ ಭಾಗದಲ್ಲಿ, ನಲವತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟ ಒಂದು ಟಿಪ್ಪಣಿ. 'ಇಲ್ಲಿಯ ತನಕ ಬಂದವರೇ, ಇದು ನಿಮಗೆ ಅರ್ಥವಾಗದಿದ್ದರೆ ತಪ್ಪು ನನ್ನದು. ಪತ್ರ ಬರೆಯಿರಿ.' ಕೆಳಗೆ ಹೆಸರು, ಪುಂಡಲೀಕ ಶೆಣೈ. ಕಡಲ ತೀರದ ಒಂದು ಊರಿನ ವಿಳಾಸ.

'ಇಷ್ಟ್ ವರ್ಷ ಒಬ್ಬಾಕೀನ ಅದೀನಿ ಅಂತ ತಿಳಕೊಂಡಿದ್ದೆ ನೋಡು,' ಎಂದಳು.

ಮನುಷ್ಯ ಇದ್ದಾನೋ ಇಲ್ಲವೋ ಎಂದು ಅನುಮಾನಿಸುತ್ತಲೇ ಪತ್ರ ಬರೆದಳು. ಒಂಬತ್ತನೆಯ ದಿನ ಉತ್ತರ ಬಂತು, ನಡುಗುವ ಕೈಯ ಅಕ್ಷರ, ಹದಿನಾರು ಪುಟ. ಮೊದಲ ಪುಟ ಪೂರ್ತಿ ಸಂತೋಷ. ಸಿಂಬಿಯನ್ನು ಇನ್ನೂ ಯಾರೋ ಬಳಸುತ್ತಿದ್ದಾರೆ ಎಂದು ತನಗೆ ಗೊತ್ತೇ ಇರಲಿಲ್ಲ, ಅಟ್ಟದಿಂದ ತನ್ನ ಯಂತ್ರ ಇಳಿಸಿ ಧೂಳು ಒರೆಸಿದ್ದೇನೆ, ನೀವು ಕಳಿಸಿದ್ದನ್ನು ಇಲ್ಲೂ ನಡೆಸಿ ನೋಡುತ್ತೇನೆ ಎಂದು. ಉಳಿದ ಹದಿನೈದು ಪುಟ ಅವಳಿಗೆ ಬೇಕಾದದ್ದು.

ಬಕ್ರೀದಿಗೆ ಹನ್ನೆರಡು ದಿನ ಇದ್ದಾಗ ಸಿಂಬಿ ಬಾಯಿ ಬಿಟ್ಟಿತು. ಮೊದಲು ಬಂದದ್ದು ಅಳಿಲಿನ ಕಿಚಕಿಚ. ವೇಗ ತಿದ್ದಿದ ಮೇಲೆ ಬಾವಿಯೊಳಗಿನ ಗಂಡಸು. ಮತ್ತೆ ತಿದ್ದಿದ ಮೇಲೆ, ಖೈರುನಬಿ. ಸೇತುವೆಯ ಈಚೆ, ಊರೊಳಗೆ, ಪತ್ತಾರರ ಅಂಗಡಿಯಲ್ಲಿ, ಕೀಲಿಮಣೆಯ ಮುಂದೆ ಕೂತ ಖೈರುನಬಿ 'ಹೇಳ್ರಿ, ಯಾರ್ ಬೇಕು' ಎಂದು ಒತ್ತಿದಳು, ಯಂತ್ರ ಹಾಗೇ ಅಂದಿತು. ಹೊರಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಯಾರೋ ಬ್ರೇಕು ಹಾಕಿದ ಸದ್ದು ಕೇಳಿಸಿತು.

ಆದರೆ ಸ್ವಲ್ಪ ಹೊತ್ತು ಮಾತನಾಡಿದ ಮೇಲೆ ಯಂತ್ರ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಪೂರ್ತಿ ಬಂದ್. ಆರಿಸಿ ಮತ್ತೆ ಹಚ್ಚಬೇಕು. ಒಮ್ಮೆ ಮೂರನೆಯ ಮಾತಿಗೆ, ಒಮ್ಮೆ ಅರ್ಧ ತಾಸಿನ ಮೇಲೆ. ಎಕ್ಸ್‌ಚೇಂಜಿನ ಕೆಲಸಕ್ಕೆ ಇಂಥದ್ದು ನಡೆಯುವುದಿಲ್ಲ. ಬೆಂಕಿ ಬಿದ್ದ ಮನೆಯವನ ಫೋನು ಬಂದಾಗ ಯಂತ್ರ ನಿಂತರೆ ಏನು ಗತಿ? ಅನಸೂಯಾ ವಿದ್ಯುತ್ತು ನೋಡಿದಳು, ನೆನಪು ನೋಡಿದಳು, ಬೆಸುಗೆಗಳನ್ನು ಒಂದೊಂದಾಗಿ ನೋಡಿದಳು, ಶೆಣೈಯವರಿಗೂ ಬರೆದಳು. ಎಂಟು ದಿನ ಹೋದವು. ಶೆಣೈಯವರಿಂದ ಪತ್ರ ಬಂತು. 'ನನ್ನಲ್ಲಿ ನಿಲ್ಲುವುದಿಲ್ಲ. ಕೆಲವು ಕಡೆ ಮಾತಿನ ನಡುವೆ ಕಿಣಿ ಎಂದು ಒಂದು ಸದ್ದಾಗುತ್ತದೆ, ಮುಂದೆ ಹೋಗುತ್ತದೆ. ಅಲ್ಲೇನೂ ಅರ್ಥವಾಗಲಿಲ್ಲ, ಕ್ಷಮಿಸಿ.'

ಖೈರುನಬಿ ಸದ್ದಿಲ್ಲದೆ ಗಂಟುಮೂಟೆ ಕಟ್ಟತೊಡಗಿದ್ದಳು. ತಂಗಿಯ ಮನೆಯಿಂದ ತನ್ನ ಟ್ರಂಕು ತರಿಸಿಕೊಂಡಿದ್ದಳು. ಆದರೂ ಬೆಳಿಗ್ಗೆ ಬಂದು ಕೂರುತ್ತಿದ್ದಳು. ಪತ್ರ ಬಂದ ದಿನ ಅನಸೂಯಾ ಫೋನು ಇದ್ದವರ ಪಟ್ಟಿ ಕೊಟ್ಟು, ಇದನ್ನೇ ಸಾಲಾಗಿ ಒತ್ತಿರಿ, ಎಲ್ಲೆಲ್ಲಿ ನಿಲ್ಲುತ್ತದೋ ಯಮನಪ್ಪ ಬರೆದುಕೊಳ್ಳಲಿ ಎಂದಳು. ನಾನು ಬರೆದೆ. ಕೃಷ್ಣಾ ಜಿನ್ನಿಂಗ್ ಮಿಲ್ಲು. ಅಮೃತ ಕ್ಲಿನಿಕ್. ವೃಷಭೇಂದ್ರಪ್ಪ, ಕಿರಾಣಿ. ಗೃಹರಕ್ಷಕ ದಳ. ನಾಲ್ಕೇ ಕಡೆ. ಅನಸೂಯಾ ಚೀಟಿಯನ್ನು ಬಹಳ ಹೊತ್ತು ನೋಡಿದಳು.

'ಋ,' ಎಂದಳು.

ಖೈರುನಬಿ ಕೈ ಅಲ್ಲಾಡಿಸಿ, ಯಂತ್ರದಲ್ಲಿ ಒತ್ತಿದಳು. 'ಅಷ್ಟನ? ತಗದ ಒಗಿ. ಈ ಊರಾಗ ಅದನ್ನ ಯಾರ್ ಅಂತಾರ? ಎಲ್ಲಾರೂ ಕ್ರುಷ್ಣಾನ ಅಂತಾರ.'

'ತಗದ್ರ ಇವತ್ತ ನಡೀತೈತಿ ಅಕ್ಕ. ಯಾಕ ನಿಂತಿತ್ತು ಅನ್ನೂದು ಗೊತ್ತಾಗೂದಿಲ್ಲ. ಗೊತ್ತಾಗಲಿಲ್ಲಂದ್ರ ಅದು ಇನ್ನೊಂದ್ ಕಡೆ ಬಂದು ನಿಂದರ್ತೈತಿ.'

ಅವಳು ಬೆರಳು ಮಡಚಿ ಎಣಿಸಿದಳು. ಅ, ಆ, ಇ, ಈ, ಉ, ಊ, ಋ. ಏಳು. ಅಕ್ಷರಗಳಿಗೆ ಒಂದರಿಂದ ಸಾಲಾಗಿ ಸಂಖ್ಯೆ ಕೊಟ್ಟಿದ್ದಳು, ಹಾಗಾಗಿ ಋ ಬಂದಾಗಲೆಲ್ಲ ಸಿಂಬಿಯ ಧ್ವನಿಯ ದಾರಿಗೆ ಏಳು ಎಂಬ ಸಂಖ್ಯೆ ಹೋಗುತ್ತಿತ್ತು. ಕೈಪಿಡಿಯ ಎರಡನೆಯ ಭಾಗ ತೆರೆದಳು. ಸಿಂಬಿಗೆ ಏಳು ಎಂದರೆ ಅಕ್ಷರವಲ್ಲ, ಗಂಟೆ ಬಾರಿಸು ಎಂಬ ಅಪ್ಪಣೆ. ಶೆಣೈಯವರ ಯಂತ್ರ ಕಿಣಿ ಎಂದು ಬಾರಿಸಿ ಮುಂದೆ ಹೋಗುತ್ತಿತ್ತು. ನಮ್ಮದರಲ್ಲಿ ಗಂಟೆಯೇ ಇರಲಿಲ್ಲ. ಆ ಗಂಟೆಯ ಕಿರಿಕಿರಿ ತಾಳದೆ ಊರಿನವರು ದೂರು ಹೇಳಿದ್ದಕ್ಕೆ, ಎಷ್ಟೋ ವರ್ಷದ ಹಿಂದೆ ಒಂಬತ್ತು ಯಂತ್ರಗಳಿಂದಲೂ ಅದನ್ನು ಕಿತ್ತು ತೆಗೆದವಳು ಅನಸೂಯಾಳೇ. ಇಲ್ಲದ ಗಂಟೆ ಬಾರಿಸಿ ಮುಗಿಯಲಿ ಎಂದು ಸಿಂಬಿ ಪಾಪ ಕಾಯುತ್ತ ಕೂರುತ್ತಿತ್ತು.

ಅವಳು ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, 'ತಪ್ಪು ಅದರದಲ್ಲ, ನಂದು,' ಎಂದಳು. ಗಂಟೆ ಬಾರಿಸುವಂಥ ಗುಟ್ಟಿನ ಅಪ್ಪಣೆಗಳೆಲ್ಲ ಮುಗಿದ ಮೇಲಿನ ಸಂಖ್ಯೆಯಿಂದ ಅಕ್ಷರಗಳನ್ನು ಶುರು ಮಾಡಿದಳು. ಬದಲಾದದ್ದು ಒಂದೇ ಸಾಲು. ಖೈರುನಬಿ ಒತ್ತಿದಳು. 'ಕೃಷ್ಣಾ ಜಿನ್ನಿಂಗ್ ಮಿಲ್ಲು. ಅಮೃತ ಕ್ಲಿನಿಕ್. ವೃಷಭೇಂದ್ರಪ್ಪ, ಕಿರಾಣಿ.' ಯಂತ್ರ ಎಲ್ಲವನ್ನೂ ಹೇಳಿತು, ಊರಿನ ಯಾರಿಗಿಂತಲೂ ಸ್ವಚ್ಛವಾಗಿ. ಪಟ್ಟಿ ಮುಗಿಯುವ ತನಕ ಅದು ನಿಲ್ಲಲಿಲ್ಲ. ಪಟ್ಟಿ ಮುಗಿದಾಗ ಖೈರುನಬಿ ಅನಸೂಯಾಳ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಮಾತನಾಡುವ ಯಂತ್ರ ಎದುರಿಗೇ ಇತ್ತು, ಆದರೆ ಕೈ ಬಿಟ್ಟು ಅಕ್ಷರ ಒತ್ತುವ ಮನಸ್ಸು ಅವಳಿಗೆ ಬರಲಿಲ್ಲ. ಅನಸೂಯಾಳಿಗೆ ಚೀಲ ಎತ್ತಿಕೊಂಡು ಹೊರಡಲು ಆಗಲಿಲ್ಲ. ಅಂಗಡಿ ಅವಳದೇ.

ಹಬ್ಬದ ಮುಂಚಿನ ಸೋಮವಾರ ಖೈರುನಬಿ ತನ್ನ ಕುರ್ಚಿಗೆ ಬಂದಳು. ಪಕ್ಕದಲ್ಲಿ ಸಿಂಬಿ, ಅದರಿಂದ ಅವಳ ಹೆಡ್‌ಫೋನಿಗೆ ನಾನು ಎಳೆದ ತಂತಿ. ಮೊದಮೊದಲು ಅವಳ ಉತ್ತರ ತುಸು ತಡವಾಗಿ ಬರುತ್ತಿತ್ತು. ಊರು ಅದಕ್ಕೂ ಒಗ್ಗಿಕೊಂಡಿತು. ಜನ ಫೋನೆತ್ತಿ, ಒಂದು ಉಸಿರು ಕಾಯುವುದನ್ನು ಕಲಿತರು. ಮೊದಲ ವಾರ ಯಾರಿಗೂ ಯಾರೂ ಬೇಕಾಗಿರಲಿಲ್ಲ. 'ಹೇಳ್ರಿ, ಯಾರ್ ಬೇಕು?' ಎಂದರೆ, 'ಯಾರೂ ಬ್ಯಾಡವ್ವ, ಸುಮ್ನ ಎತ್ತಿದ್ದೆ' ಎನ್ನುತ್ತಿದ್ದರು. ಟ್ರಂಕು ತಂಗಿಯ ಮನೆಗೆ ವಾಪಸು ಹೋಯಿತು. ಬದಲಿಗೆ ಬಂದಿದ್ದ ಹುಡುಗಿಗೆ ಕಲ್ಲಪ್ಪ ಹೇಗೋ ಮಾಡಿ ಸಂಜೆಯ ಪಾಳಿ ಕೊಡಿಸಿದ.

ಒಂದು ಮಧ್ಯಾಹ್ನ ಖೈರುನಬಿ ತಾನಾಗಿಯೇ ದೂರದ ಲೈನು ಬುಕ್ ಮಾಡಿ ಕಡಲ ತೀರದ ಊರಿಗೆ ಹಚ್ಚಿದಳು. ನಾನೂ ಕಲ್ಲಪ್ಪನೂ ಅಲ್ಲೇ ಇದ್ದೆವು. ಅನಸೂಯಾಳಿಗೂ ಹೇಳಿಕಳಿಸಿದ್ದಳು. ಅವಳು ಬಂದು ಬಾಗಿಲಲ್ಲೇ ನಿಂತಿದ್ದಳು, ಚಪ್ಪಲಿ ಬಿಟ್ಟಿರಲಿಲ್ಲ.

'ಹಲೋ, ಯಾರು?' ಎಂದಿತು ಮುದಿ ದನಿ.

'ಶೆಣೈ ಮಾಮಾರ, ನಾ ಖೈರುನಬಿ. ನೀವು ಬರದಿಟ್ಟಿದ್ದರಾಗಿಂದ ಮಾತಾಡಾಕತ್ತೀನಿ.'

ಆ ಕಡೆ ಬರೀ ತಂತಿಯ ಗುಂಯ್ ಎನ್ನುವ ಸದ್ದು. ಮೂರು ನಿಮಿಷಕ್ಕೆ ದೂರದ ಲೈನು ಕಡಿಯಬೇಕು ಎಂಬುದು ನಿಯಮ. ಕಲ್ಲಪ್ಪ ಗೋಡೆಯ ಗಡಿಯಾರಕ್ಕೆ ಬೆನ್ನು ಮಾಡಿ ಕೂತ.

'ಇನ್ನೊಮ್ಮೆ ಹೇಳಿ ಅಮ್ಮ,' ಎಂದರು ಶೆಣೈ ಕೊನೆಗೆ. 'ಏನು ಬೇಕಾದರೂ ಹೇಳಿ. ಅಲ್ಲಿ ಈಗ ಏನು ನಡೀತಾ ಉಂಟು, ಅದನ್ನೇ ಹೇಳಿ.'

ಖೈರುನಬಿ ಕಿಟಕಿಯಾಚೆ ನೋಡುತ್ತ ನಿಧಾನವಾಗಿ ಒತ್ತಿದಳು. 'ಎಮ್ಮಿ ಹೊಂಟಾವ್ರಿ. ಒಂದು ನಡುರಸ್ತೆದಾಗ ನಿಂತೈತಿ, ಬಸ್ಸು ಅದರ ಹಿಂದ ನಿಂತೈತಿ. ನಮ್ಮ ಕಲ್ಲಪ್ಪ ಕಣ್ಣಾಗ ಕಸ ಬಿದ್ದವರಂಗ ಮಾಡಾಕತ್ತಾರ. ಇದನ್ನೆಲ್ಲ ಮಾಡಿದಾಕಿ ಬಾಗಿಲದಾಗ ನಿಂತಾಳ, ಒಳಗ ಬರವಲ್ಲಳು.' ಆಮೇಲೆ ಕುರ್ಚಿ ತಿರುಗಿಸಿ, ಮತ್ತೊಂದು ಸಾಲು ಒತ್ತಿದಳು. ಯಂತ್ರ ಇಡೀ ಕೋಣೆಗೆ ಕೇಳುವಂತೆ ಅಂದಿತು. 'ಅನಸೂಯಾ, ಒಳಗ ಬಾ.'

ಅನಸೂಯಾ ಚಪ್ಪಲಿ ಬಿಟ್ಟು ಬಂದು ಕೂತಳು. ಖೈರುನಬಿ ಹೆಡ್‌ಫೋನನ್ನು ಅವಳ ತಲೆಗೆ ತಾನೇ ಇಟ್ಟಳು. ಅನಸೂಯಾ ಏನೋ ದೊಡ್ಡ ಮಾತು ಹೇಳುತ್ತಾಳೆ ಎಂದು ನಾವು ಕಾದೆವು.

'ಸರ, ನಮಸ್ಕಾರ್ರಿ. ಒಂದ್ ಕೇಳೂದಿತ್ತು,' ಎಂದಳು. 'ಧ್ವನಿಯ ಭಾಗದಾಗ, ಪ್ರತಿ ಸಾಲಿನ ಕಡೀಕ, ಏನೂ ಮಾಡದಂಗ ಸ್ವಲ್ಪ ಹೊತ್ತು ಸುಮ್ನ ಇರು ಅಂತ ಬರದೈತಲ್ರಿ. ಅದರಿಂದ ಏನ್ ಉಪಯೋಗ ಅಂತ ನನಗ ತಿಳೀಲಿಲ್ಲ.'

ಶೆಣೈ ನಕ್ಕರು. ಹೆಡ್‌ಫೋನಿನ ಹೊರಗೂ ಅವರ ದನಿ ನಮಗೆ ಸಣ್ಣದಾಗಿ ಕೇಳಿಸುತ್ತಿತ್ತು. 'ಅದು ನಾನು ಬರೆದದ್ದಲ್ಲ. ನನ್ನ ಹೆಂಡತಿ. ನನ್ನ ಹತ್ತಿರ ಕೂತು ಪ್ರತಿ ಸಾಲೂ ಓದ್ತಿದ್ಲು. ಮಾತಾಡುವವರಿಗೆ ಉಸಿರು ತೆಗೊಳ್ಳಿಕ್ಕೆ ಜಾಗ ಇಡಿ ಅಂದ್ಲು. ಯಂತ್ರಕ್ಕೆ ಎಂಥ ಉಸಿರು ಅಂತ ನಾನು ಜಗಳ ಮಾಡಿದ್ದೆ.' ಆಮೇಲೆ ಅಂದರು, 'ಅವಳು ಹೋಗಿ ಆರು ವರ್ಷ ಆಯ್ತು. ನಿಮ್ಮಲ್ಲಿ ಜಾಗ ಕಡಿಮೆ ಅಲ್ವಾ, ತೆಗೆದಿರಬೇಕು ನೀವು.'

'ಇಲ್ರಿ,' ಎಂದಳು ಅನಸೂಯಾ. 'ಯಾಕ ಅಂತ ಗೊತ್ತಿರಲಿಲ್ಲ. ಆದ್ರ ತಗೀಲಿಲ್ಲ.'